ಆಯುಧಪೂಜೆಗೆ ಚೆಂಡುಹೂ, ಸಂಕ್ರಾಂತಿಗೆ ಅವರೆ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ ಹಿಂದೆ ಇರುವುದು ಹತ್ತಡಿ ಅಗಲದ ಜಾಗ. ಆಯುಧಪೂಜೆಗೆ ನಮ್ಮ ಹಿತ್ತಲಿನ ಚೆಂಡುಹೂವನ್ನೇ ಬಾಗಿಲಿಗೆ, ಗಾಡಿಗೆ ಕಟ್ಟಬೇಕೆಂಬುದು ನನ್ನ ಬಹುದಿನದ ಆಸೆ. ಮೊದಲ ವರ್ಷ ಗೌರಿಹಬ್ಬದ ಹೊತ್ತಿಗೆ ಬೀಜ ಹಾಕಿದೆ. ದಸರೆಗೆ ಒಂದು ಮೊಗ್ಗೂ ಇರಲಿಲ್ಲ. ದೇವರಾಜ ಮಾರುಕಟ್ಟೆಯಿಂದ ಮಾರು ಲೆಕ್ಕದಲ್ಲಿ ತಂದೆವು.

ಈಗ ಹಬ್ಬದಿಂದ ಹಿಂದಕ್ಕೆ ಎಣಿಸುತ್ತೇನೆ. ಸಸಿಗೆ 25 ದಿನ, ನಾಟಿಯಾದ ಮೇಲೆ 60, ಒಟ್ಟು 85. ಆಯುಧಪೂಜೆ 2024ರಲ್ಲಿ ಅಕ್ಟೋಬರ್ 11ಕ್ಕೆ, 2025ರಲ್ಲಿ ಅಕ್ಟೋಬರ್ 1ಕ್ಕೆ ಬಂತು. ಬಿತ್ತಿದ್ದು ಜುಲೈ 18ಕ್ಕೆ, ಜುಲೈ 8ಕ್ಕೆ. ಎರಡೂ ಗುರುಪೂರ್ಣಿಮೆಗೆ ಎರಡು ಮೂರು ದಿನ ಮುಂಚೆ. ಪಂಚಾಂಗ ನೋಡುವವರಿಗೆ ಅದೇ ಗುರುತು ಸಾಕು. 2023ರ ಅಧಿಕ ಶ್ರಾವಣದ ಹಾಗೆ ಗುರುಪೂರ್ಣಿಮೆಗೂ ದಸರೆಗೂ ನಡುವೆ ಅಧಿಕ ಮಾಸ ಬಂದರೆ ಮಾತ್ರ ಒಂದು ತಿಂಗಳು ತಡೆಯಬೇಕು.

ನಾಟಿಯಾಗಿ ಮೂರು ವಾರಕ್ಕೆ ತುದಿ ಚಿವುಟಬೇಕು. ಕೈ ಬರುವುದಿಲ್ಲ, ಅಷ್ಟು ಚೆನ್ನಾಗಿ ನೆಟ್ಟಗೆ ಬೆಳೆದಿರುತ್ತದೆ. ಆದರೂ ಹೆಬ್ಬೆರಳಿನ ಉಗುರಿನಿಂದ ಮೇಲಿನ ಎರಡೆಲೆ ಸಮೇತ ಕುಡಿ ಮುರಿಯುತ್ತೇನೆ. ವಾರದೊಳಗೆ ಕೆಳಗಿನ ಎಲೆಗಳ ಕಂಕುಳಲ್ಲಿ ಎಳ್ಳುಕಾಳಿನಷ್ಟು ಹಸಿರು ಚಿಗುರು ಕಾಣುತ್ತದೆ. ಒಂದು ಕಾಂಡ ಇದ್ದದ್ದು ಆರೇಳು ಕವಲಾಗುತ್ತದೆ. ಮೈಸೂರಿನಲ್ಲಿ ಮೇ ತಿಂಗಳು ಬಿಟ್ಟರೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲೇ ಮಳೆ ಜೋರು. ಹೂವು ನೀರು ಕುಡಿದು ಭಾರವಾದರೆ ಗಿಡ ಬುಡಸಮೇತ ಒರಗುತ್ತದೆ. ಬುಡಕ್ಕೆ ಮಣ್ಣೇರಿಸಿ, ಕೋಲು ಕೊಟ್ಟು ಸಡಿಲವಾಗಿ ಕಟ್ಟಿ. ಹೈಬ್ರಿಡ್ ಹೂವಿನ ಬೀಜ ಎತ್ತಿಟ್ಟರೆ ಮರುವರ್ಷ ಹೂ ಒಂದೊಂದು ಥರ ಬರುತ್ತದೆ. ನಾನು ನಾಟಿ ಹಳದಿ ಚೆಂಡನ್ನೇ ಉಳಿಸಿಕೊಂಡಿದ್ದೇನೆ.

ಅವರೆಗೆ ಈ ಎಣಿಕೆ ನಡೆಯುವುದಿಲ್ಲ. ಬೇಗ ಬಿತ್ತಿದರೆ ಬೇಗ ಕಾಯಿ ಎಂದುಕೊಂಡು ಒಮ್ಮೆ ಮೇ ತಿಂಗಳ ಮಳೆಗೇ ಊರಿದೆ, ಗೊಬ್ಬರವನ್ನೂ ಸುರಿದೆ. ಬಳ್ಳಿ ಕಾಂಪೌಂಡ್ ಹತ್ತಿ ನುಗ್ಗೆಮರವನ್ನೂ ತಬ್ಬಿಕೊಂಡಿತು. ನಾಲ್ಕು ತಿಂಗಳು ಬರೀ ಎಲೆ. ಎಲ್ಲಿ ತಪ್ಪಿದೆ ಎಂದು ಕೊರಗಿದೆ. ಮಂಡ್ಯ ಕಡೆಯ ನಮ್ಮತ್ತೆ ಬಳ್ಳಿ ನೋಡಿ, ‘ಹಗಲು ಮೋಟಾಗಲಿ, ಇಬ್ಬನಿ ಬೀಳಲಿ, ಆಮೇಲೆ ನೋಡು’ ಎಂದರು. ಹಳೇ ನಾಟಿ ಅವರೆಯ ಗುಣವೇ ಅದು, ಹಗಲು ಕಿರಿದಾಗುವವರೆಗೆ ಹೂ ಕಚ್ಚುವುದಿಲ್ಲ. ವರ್ಷವಿಡೀ ಕಾಯಿ ಬಿಡುವ ತಳಿಗಳೂ ಈಗ ಇವೆ, ನನಗೇನೋ ಆ ಸೊಗಡು ಸಿಗಲಿಲ್ಲ.

ಈಗ ಅವರೆ ಊರುವುದು ಜುಲೈ ಕೊನೆಗೆ. ಗಾಳಿಯಿಂದ ಸಾರಜನಕ ಹಿಡಿಯುವ ಗಂಟುಗಳು ಅದರ ಬೇರಿನಲ್ಲೇ ಇರುವುದರಿಂದ ಗೊಬ್ಬರ ಒಂದು ಬೊಗಸೆ ಸಾಕು. ಹೂಗೊಂಚಲಿಗೆ ಕಪ್ಪು ಹೇನು ಮುತ್ತಿದರೆ, ಇಬ್ಬನಿ ಆರುವ ಮೊದಲು ಜರಡಿ ಹಿಡಿದ ಸೌದೆ ಬೂದಿ ಎರಚುತ್ತೇನೆ, ತೇವಕ್ಕೆ ಅಂಟಿಕೊಳ್ಳುತ್ತದೆ. ಡಿಸೆಂಬರ್ ಬೆಳಗ್ಗೆ ಕಾಯಿ ಬಿಡಿಸಿ ಒಳಗೆ ಬಂದರೆ ಬೆರಳೆಲ್ಲ ಸೊನೆ. ಮಧ್ಯಾಹ್ನ ಹಿತಕಿದ ಬೇಳೆ ಸಾರು ಉಣ್ಣುವವರೆಗೂ ಆ ವಾಸನೆ ಕೈ ಬಿಡುವುದಿಲ್ಲ.