ಮೊದಲು ನೀರಿಗೆ ದಾರಿ, ಆಮೇಲೆ ಕಾರಿಗೆ

ಹೊಸ ಬಡಾವಣೆಯ ನಕ್ಷೆ ಬರೆಯಲು ಕೂತವರು ಸಾಮಾನ್ಯವಾಗಿ ಮೊದಲು ಮಾಡುವುದು ಸೈಟುಗಳ ಲೆಕ್ಕ. ಇರುವ ಜಾಗದಲ್ಲಿ ಎಷ್ಟು ಸೈಟು ಕೂರುತ್ತವೆ ಎಂದು ಭಾಗಿಸಿ, ಉಳಿದ ಸಂದುಗಳಿಗೆ ರಸ್ತೆ ಎಂದು ಹೆಸರಿಡುತ್ತಾರೆ. ಇದು ತಲೆಕೆಳಗಾದ ಕ್ರಮ. ಮನೆಯನ್ನು ಕೆಡವಿ ಮತ್ತೆ ಕಟ್ಟಬಹುದು, ಒಂದು ಸೈಟು ಎರಡಾಗಬಹುದು, ಎರಡು ಸೇರಿ ಒಂದಾಗಬಹುದು. ಒಮ್ಮೆ ಬಿದ್ದ ರಸ್ತೆಯ ಗೆರೆ ಮಾತ್ರ ಅಲುಗುವುದಿಲ್ಲ. ಬಾರ್ಸಿಲೋನಾ ನಗರದ ವಿಸ್ತರಣೆಗೆ ಇಲ್ಡೆಫಾನ್ಸ್ ಸೆರ್ದಾ 1859ರಲ್ಲಿ ಎಳೆದ ಗೆರೆಗಳ ಮೇಲೆಯೇ ಜನ ಇಂದಿಗೂ ಓಡಾಡುತ್ತಿದ್ದಾರೆ. ಅವನು ಗೆರೆ ಎಳೆದಾಗ ಮೋಟಾರು ಕಾರು ಹುಟ್ಟಿಯೂ ಇರಲಿಲ್ಲ.

ಸೈಟುಗಳನ್ನು ಕೊನೆಗೆ ಇಟ್ಟುಕೊಳ್ಳಿ. ಅದಕ್ಕೂ ಮುಂಚೆ ನಿಮ್ಮ ಯೋಜನಾ ಪ್ರಾಧಿಕಾರದ ನಿಯಮಾವಳಿ ತರಿಸಿ ಓದಿ. ಕೆಳಗಿನ ಅಂಕಿಗಳು ಸಾಮಾನ್ಯ ರೂಢಿಯವು. ಸ್ಥಳೀಯ ನಿಯಮ ಬೇರೆ ಹೇಳಿದರೆ ಅದೇ ಅಂತಿಮ.

ನೆಲದ ಓಟ ತಿಳಿಯಿರಿ

ಜಾಗದ ಸಮೋನ್ನತಿ ರೇಖೆಗಳಿರುವ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ಸರ್ವೆ ನಕ್ಷೆ ಮಾಡಿಸಿ. ಅರ್ಧ ಮೀಟರ್ ಏರಿಳಿತಕ್ಕೊಂದು ಗೆರೆ ಇದ್ದರೆ ಸಾಕು. ಸಾಧ್ಯವಾದರೆ ಜೋರು ಮಳೆ ಬರುವಾಗ ಒಮ್ಮೆ ಹೋಗಿ ನಿಲ್ಲಿ. ನಕ್ಷೆ ಹೇಳದ್ದನ್ನು ನೀರು ಹೇಳುತ್ತದೆ. ನೀರು ಹರಿದು ಸೇರುವ ತಗ್ಗಿನ ಪಟ್ಟಿಯನ್ನು ಮೊದಲೇ ಗುರುತಿಸಿ, ಅಲ್ಲಿ ಸೈಟು ಹಾಕದೆ ಬಯಲು ಬಿಡಿ. ಹೇಗೂ ಒಂದು ಪಾರ್ಕು ಬೇಕೇ ಬೇಕು, ಅದು ಅಲ್ಲೇ ಬರಲಿ.

ರಸ್ತೆಗೆ ಉದ್ದಕ್ಕೂ ಕನಿಷ್ಠ ಶೇ 0.5 ಇಳಿಜಾರು ಇರಬೇಕು, ಅಂದರೆ 200 ಮೀಟರಿಗೆ ಒಂದು ಮೀಟರ್. ಅದಕ್ಕಿಂತ ಕಡಿಮೆಯಾದರೆ ನೀರು ನಿಲ್ಲುತ್ತದೆ. ಶೇ 8 ದಾಟಿದರೆ ನಡೆಯುವವರಿಗೆ ಏದುಸಿರು. ಗಾಲಿಕುರ್ಚಿಯಲ್ಲಿ ಹೋಗುವವರಿಗೆ ಶೇ 5 ದಾಟುವಷ್ಟರಲ್ಲೇ ಕಷ್ಟ. ಅಡ್ಡಕ್ಕೆ ನಡು ಉಬ್ಬಿಸಿ ಶೇ 2ರಿಂದ 2.5 ಇಳಿಜಾರು ಕೊಡಿ. ಆರು ಮೀಟರ್ ರಸ್ತೆಯಲ್ಲಿ ಇದು ನಡುವಿಗೂ ಅಂಚಿಗೂ ಆರೇಳು ಸೆಂಟಿಮೀಟರಿನ ವ್ಯತ್ಯಾಸ, ಅಷ್ಟೆ.

ರಸ್ತೆ ಸೈಟುಗಳಿಗಿಂತ ತಗ್ಗಿನಲ್ಲಿರಬೇಕು ಎಂಬುದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಚರಂಡಿ ಕಟ್ಟಿಕೊಂಡ ರಾತ್ರಿ ನೀರು ಬೀದಿಯಲ್ಲೇ ನಿಂತು ಹೋಗಬೇಕೇ ಹೊರತು ಹೊಸ್ತಿಲು ದಾಟಬಾರದು. ಮುಂದೆ ಮರುಡಾಂಬರು ಹಾಕುವವರು ಹಳೆಯ ಪದರ ಕೆರೆಯದೆ ಮೇಲಿಂದ ಮೇಲೆ ಹಾಕುತ್ತಾ ಹೋಗುತ್ತಾರೆ ಎಂದೇ ತಿಳಿದು, ಆ ಎತ್ತರಕ್ಕೂ ಈಗಲೇ ಜಾಗ ಬಿಡುವುದು ಜಾಣತನ.

ಪಕ್ಕದವರ ರಸ್ತೆ ಎಲ್ಲಿ ನಿಂತಿದೆ?

ನಿಮ್ಮ ಎಲ್ಲೆಯವರೆಗೆ ಬಂದು ನಿಂತಿರುವ ಪ್ರತಿ ಬೀದಿಯನ್ನೂ ಗುರುತು ಹಾಕಿ ಒಳಗೆ ಮುಂದುವರಿಸಿ. ಪಕ್ಕದ ಜಮೀನು ಖಾಲಿಯಿದ್ದರೆ ಎಲ್ಲೆಯವರೆಗೆ ರಸ್ತೆ ತಂದು ಬಿಡಿ, ಮುಂದೆ ಅವರು ಜೋಡಿಸಿಕೊಳ್ಳಲಿ.

1929ರಲ್ಲಿ ಅಮೆರಿಕದ ಕ್ಲಾರೆನ್ಸ್ ಪೆರಿ ‘ನೆರೆಹೊರೆ ಘಟಕ’ದ ಕಲ್ಪನೆಯನ್ನು ಮುಂದಿಟ್ಟ. ನಡುವೆ ಶಾಲೆ, ಮನೆಗಳೆಲ್ಲ ಸುಮಾರು ಕಾಲು ಮೈಲಿಯೊಳಗೆ, ದೂರದ ವಾಹನಗಳು ಅಂಚಿನ ದೊಡ್ಡ ರಸ್ತೆಯಲ್ಲಿ. ಅದೇ ವರ್ಷ ನ್ಯೂಜೆರ್ಸಿಯ ರ‍್ಯಾಡ್‌ಬರ್ನ್‌ನಲ್ಲಿ ಕ್ಲಾರೆನ್ಸ್ ಸ್ಟೈನ್, ಹೆನ್ರಿ ರೈಟ್ ಇಬ್ಬರೂ ಮುಂದೆ ದಾರಿಯಿಲ್ಲದ ಕುರುಡು ಬೀದಿಗಳ ಬಡಾವಣೆ ರೂಪಿಸಿದರು. ಕಾರಿಗೆ ಮಾತ್ರ ಅಲ್ಲಿ ದಾರಿ ಮುಗಿಯುತ್ತಿತ್ತು. ಮನೆಗಳ ಇನ್ನೊಂದು ಬದಿಯಿಂದ ಪಾರ್ಕಿಗೆ, ರಸ್ತೆಯ ಅಡಿಯಿಂದಲೂ, ಕಾಲುದಾರಿ ಇತ್ತು. ನಕಲು ಮಾಡಿದವರು ಕುರುಡು ಬೀದಿಯನ್ನು ತೆಗೆದುಕೊಂಡು ಕಾಲುದಾರಿಯನ್ನು ಕೈಬಿಟ್ಟರು. ಫಲ ಏನು? ಹಿತ್ತಿಲಿಗೆ ಹಿತ್ತಿಲು ಅಂಟಿಕೊಂಡ ಮನೆಯ ಮಗು ಗೆಳೆಯನ ಮನೆಗೆ ಹೋಗಲು ಇಡೀ ಬಡಾವಣೆ ಸುತ್ತಬೇಕು.

ಜಾಗದ ಆಕಾರದಿಂದ ಕುರುಡು ಬೀದಿ ತಪ್ಪದಿದ್ದರೆ ಅದರ ತುದಿಯಿಂದ ಮೂರು ಮೀಟರ್ ಕಾಲುದಾರಿ ತೆರೆಯಿರಿ, ವಾಹನ ತಿರುಗಲು ಜಾಗ ಬಿಡಿ. ಅಮೆರಿಕದಲ್ಲಿ ಬಳಕೆಯಲ್ಲಿರುವ ಅಗ್ನಿಸುರಕ್ಷಾ ಸಂಹಿತೆ, 150 ಅಡಿಗಿಂತ ಉದ್ದದ ಕುರುಡು ರಸ್ತೆಗೆ ಅಗ್ನಿಶಾಮಕ ವಾಹನ ತಿರುಗುವ ಜಾಗ ಇರಲೇಬೇಕು ಎನ್ನುತ್ತದೆ. ಮಿಕ್ಕ ಕಡೆ ಅಡ್ಡರಸ್ತೆಗಳ ನಡುವೆ 100ರಿಂದ 150 ಮೀಟರ್ ಇರಲಿ.

ಅಗಲ ಎಷ್ಟು?

ಇಲ್ಲೇ ಎಲ್ಲರೂ ಮುಗ್ಗರಿಸುವುದು. ರಸ್ತೆ ಅಗಲವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಕೊಳ್ಳುವವರಲ್ಲೂ ಇದೆ, ಮಾರುವವರಲ್ಲೂ ಇದೆ. ಎರಡು ಅಗಲಗಳನ್ನು ಬೇರೆ ಮಾಡಿಕೊಳ್ಳಿ: ಒಂದು ಕಾಂಪೌಂಡಿನಿಂದ ಕಾಂಪೌಂಡಿಗೆ ಇರುವುದು, ಇನ್ನೊಂದು ಗಾಲಿ ಉರುಳುವ ಡಾಂಬರಿನದು. ಮೊದಲನೆಯದರಲ್ಲಿ ಧಾರಾಳವಾಗಿರಿ, ಎರಡನೆಯದರಲ್ಲಿ ಜಿಪುಣರಾಗಿ.

ಒಳಬೀದಿಗೆ 12 ಮೀಟರ್ ಸಿಕ್ಕಿದೆ ಎನ್ನಿ. ಡಾಂಬರು ಆರು ಮೀಟರ್ ಸಾಕು. ಎರಡು ಕಾರು ಎದುರುಬದುರಾಗಿ ನಿಧಾನವಾಗಿ ದಾಟುತ್ತವೆ, ಅಗ್ನಿಶಾಮಕ ವಾಹನವೂ ಬರುತ್ತದೆ. ಉಳಿದದ್ದರಲ್ಲಿ ಎರಡೂ ಬದಿ 1.8 ಮೀಟರ್ ಫುಟ್‌ಪಾತ್ (ಎರಡು ಗಾಲಿಕುರ್ಚಿಗಳು ಎದುರಾದರೆ ದಾಟುವಷ್ಟು) ಮತ್ತು ಮರಕ್ಕೆ, ದೀಪದ ಕಂಬಕ್ಕೆ ಒಂದು ಪಟ್ಟಿ. ಬೀದಿಯಲ್ಲಿ ಕಾರು ನಿಲ್ಲುವುದು ಖಂಡಿತವೆಂದರೆ ಅದಕ್ಕೆ 2.1 ಮೀಟರ್ ಬೇರೆ ಇಡಿ. ‘ನಿಲುಗಡೆ ಇಲ್ಲ’ ಎಂಬ ಫಲಕ ನಂಬಿ ಲೆಕ್ಕ ಹಾಕಬೇಡಿ.

ಇಷ್ಟು ಜಿಪುಣತನ ಯಾಕೆ? ಚಾಲಕನಿಗೆ ಅಪಾಯ ಕಂಡು ಬ್ರೇಕಿಗೆ ಕಾಲು ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ, ಒಣ ರಸ್ತೆಯಲ್ಲಿ 30 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 17 ಮೀಟರ್ ಬೇಕು, 50 ಕಿ.ಮೀ. ವೇಗದಲ್ಲಿ ಸುಮಾರು 35. ಚೆಂಡಿನ ಹಿಂದೆ ಓಡಿ ಬರುವ ಮಗು 20 ಮೀಟರ್ ದೂರದಲ್ಲಿದ್ದರೆ ಮೊದಲನೆಯವನು ಬೈದು ಮುಂದೆ ಹೋಗುತ್ತಾನೆ. ಎರಡನೆಯವನ ಕಾಲು ಆಗಷ್ಟೇ ಬ್ರೇಕ್ ಮುಟ್ಟಿರುತ್ತದೆ.

ವೇಗವನ್ನು ಫಲಕ ತಗ್ಗಿಸುವುದಿಲ್ಲ, ಬೀದಿಯ ಆಕಾರ ತಗ್ಗಿಸುತ್ತದೆ. ನೇರ ಓಟ ನೂರು ಮೀಟರಿಗೆ ತುಂಡಾಗಲಿ: ಒಂದು ತಿರುವು, ಇಲ್ಲವೇ ಫುಟ್‌ಪಾತಿನ ಮಟ್ಟಕ್ಕೆ ಎತ್ತಿದ ದಾಟುಜಾಗ. ಹಂಪ್ ಎಂಬುದು ನಕ್ಷೆಯಲ್ಲಾದ ತಪ್ಪಿಗೆ ಆಮೇಲೆ ಹಾಕುವ ತೇಪೆ. ನೆದರ್‌ಲೆಂಡ್ಸ್‌ನವರು ಒಂದು ಹೆಜ್ಜೆ ಮುಂದೆ ಹೋಗಿ, ಕಾರು ನಡಿಗೆಯ ವೇಗದಲ್ಲೇ ಸಾಗಬೇಕಾದ ‘ವೋನೆರ್ಫ್’ ಬೀದಿಗಳಿಗೆ 1976ರಲ್ಲಿ ಕಾನೂನಿನ ಮಾನ್ಯತೆ ಕೊಟ್ಟರು.

ಮೂಲೆ, ಕೂಡುರಸ್ತೆ

ಒಳಬೀದಿಗಳು ಟಿ ಆಕಾರದಲ್ಲಿ ಕೂಡಲಿ. ಮೂರು ರಸ್ತೆ ಸೇರುವಲ್ಲಿ ವಾಹನಗಳ ದಾರಿಗಳು ಕೂಡುವ, ಕವಲೊಡೆಯುವ, ಅಡ್ಡ ಹಾಯುವ ಬಿಂದುಗಳು ಒಟ್ಟು 9, ನಾಲ್ಕು ಸೇರುವಲ್ಲಿ 32. ಕೂಡುವ ಕೋನ 90 ಡಿಗ್ರಿಗೆ ಹತ್ತಿರವಿರಲಿ.

ಮೂಲೆಯ ತಿರುವು ಬಿಗಿಯಾಗಿರಲಿ. ಮೂರ್ನಾಲ್ಕು ಮೀಟರ್ ತ್ರಿಜ್ಯ ಸಾಕು. ದೊಡ್ಡ ಲಾರಿಗೆಂದು ಹತ್ತು ಮೀಟರ್ ಕೊಟ್ಟರೆ ದಿನಕ್ಕೊಮ್ಮೆ ಬರುವ ಲಾರಿಗೆ ಅನುಕೂಲ, ದಿನವಿಡೀ ಬರುವ ಕಾರುಗಳಿಗೆ ವೇಗ, ದಾಟುವ ಅಜ್ಜಿಗೆ ಇನ್ನಷ್ಟು ದೂರ. ಲಾರಿ ಎದುರಿನ ಪಟ್ಟಿಯನ್ನು ಸ್ವಲ್ಪ ಬಳಸಿಕೊಂಡು ತಿರುಗಲಿ ಬಿಡಿ. ಮೂಲೆಯಲ್ಲಿ ನೋಟಕ್ಕೆ ಅಡ್ಡವಾಗುವ ಎತ್ತರದ ಕಾಂಪೌಂಡು, ಪೊದೆ ಬೇಡ. ಮನೆಯ ಗೇಟಿನ ಎದುರು ಫುಟ್‌ಪಾತನ್ನು ಇಳಿಸಬೇಡಿ. ಕಾರೇ ಹತ್ತಿ ಇಳಿಯಲಿ.

ಡಾಂಬರಿಗೆ ಮುಂಚೆ

ಒಳಚರಂಡಿ ಎಲ್ಲಕ್ಕಿಂತ ಆಳದಲ್ಲಿ, ಮೊದಲು. ಕುಡಿಯುವ ನೀರಿನ ಕೊಳವೆ ಅದಕ್ಕಿಂತ ಮೇಲೆ, ಅಡ್ಡಕ್ಕೆ ಮೂರು ಮೀಟರ್ ದೂರದಲ್ಲಿ. ಆಮೇಲೆ ವಿದ್ಯುತ್, ದೂರವಾಣಿ. ಪ್ರತಿ ಕೂಡುರಸ್ತೆಯ ಅಡಿಯಲ್ಲಿ ಒಂದೆರಡು ಖಾಲಿ ಪೈಪು ಹೂತಿಡಿ. ಯಾವ ಕೇಬಲ್ಲಿಗೆ ಎಂದು ಈಗ ಗೊತ್ತಿರಬೇಕಿಲ್ಲ, ಬಂದೇ ಬರುತ್ತದೆ.

ಇಷ್ಟಾದ ಮೇಲೆ ಸೈಟು ಗುರುತಿಸಿ. ಮೂಲೆ ಸೈಟುಗಳನ್ನು ಸ್ವಲ್ಪ ದೊಡ್ಡದಾಗಿಡಿ, ಅವು ಎರಡೂ ಬೀದಿಗೆ ಜಾಗ ಬಿಡಬೇಕು. ಬಳಿಕ ನಕ್ಷೆಯ ಮೇಲೆ ಪೆನ್ಸಿಲ್ ಇಟ್ಟು ಅತಿ ದೂರದ ಮನೆಯಿಂದ ಬಸ್ ನಿಲ್ದಾಣದವರೆಗೆ ನಡೆದು ನೋಡಿ. ಪೆನ್ಸಿಲ್ ಎಲ್ಲಿ ಸುತ್ತು ಹಾಕುತ್ತದೋ ಅಲ್ಲಿ ಒಂದು ಸೈಟು ಅಳಿಸಿ, ಕಾಲುದಾರಿ ಬರೆಯಿರಿ.