ಒಂದು ಮಂಡಲ ‘ಹೋಮ್‌ಲ್ಯಾಂಡ್’

ನಾನು ದಿನವಹಿ ಧಾರಾವಾಹಿಗೆ ಸಂಭಾಷಣೆ ಬರೆದು ಹೊಟ್ಟೆ ಹೊರೆಯುವವನು. ಅತ್ತೆ-ಸೊಸೆ ಜಗಳವನ್ನು ನಿದ್ದೆಗಣ್ಣಲ್ಲೂ ಬರೆಯಬಲ್ಲೆ. ಹೋದ ವರ್ಷ ನಿರ್ಮಾಪಕರೊಬ್ಬರು ಆರು ಕಂತಿನ ಗೂಢಚಾರಿ ನಾಟಕ ಬೇಕು, ಬರೀ ಆಡಿಯೊ ಅಂದರು. ಖುಷಿಯಾಗಿ ಮೊದಲ ಕಂತು ಬರೆದುಕೊಟ್ಟೆ. ಓದಿ ಒಂದೇ ಮಾತು ಹೇಳಿದರು: “ಇದು ನಾಟಕ ಅಲ್ಲ ಕಣ್ರೀ, ರಾತ್ರಿ ಒಂಬತ್ತರ ಟಿವಿ ಚರ್ಚೆ.”

ಸಿಟ್ಟು ಬಂತು. ಆದರೆ ಮಾತು ನಿಜ. ನನ್ನ ಇಬ್ಬರು ಅಧಿಕಾರಿಗಳು ನಾಲ್ಕು ಪುಟ ಕೂತು ದೇಶದ ಬಗ್ಗೆ ಮಾತಾಡಿದ್ದರು. ಇಬ್ಬರಿಗೂ ಹೆಂಡತಿ ಇಲ್ಲ, ಸಾಲ ಇಲ್ಲ, ಹಲ್ಲುನೋವೂ ಇಲ್ಲ.

ಆಗ ನೆನಪಾಗಿದ್ದು ‘ಹೋಮ್‌ಲ್ಯಾಂಡ್’. 2011ರಿಂದ 2020ರವರೆಗೆ ಬಂದ ಅಮೆರಿಕದ ಗೂಢಚಾರಿ ಧಾರಾವಾಹಿ; ನಾಯಕಿ ಸಿಐಎ ಎಂಬ ಅಲ್ಲಿನ ಗುಪ್ತಚರ ಸಂಸ್ಥೆಯ ಕ್ಯಾರಿ. ಮೊದಲು ಹೊತ್ತು ಮೆರೆಸಿದ ಜನವೇ ಆಮೇಲೆ ‘ರಾಜಕೀಯ ಜಾಸ್ತಿಯಾಗಿ ಹಾಳಾಯ್ತು’ ಅಂದರು. ನಾನೂ ಅರ್ಧಕ್ಕೇ ಬಿಟ್ಟಿದ್ದೆ. ಅದನ್ನು ಬರೆದವರು ಎಲ್ಲಿ ಎಡವಿದರು ಅಂತ ಗೊತ್ತಾದರೆ ನನ್ನ ತಪ್ಪೂ ಸಿಗಬಹುದು ಅನ್ನಿಸಿತು. ಎಂಟು ಸೀಸನ್, 96 ಕಂತು. ದಿನಕ್ಕೆರಡರಂತೆ 48 ದಿನ. ಸರಿಯಾಗಿ ಒಂದು ಮಂಡಲ! ವ್ರತ ಹಿಡಿದವನ ಹಾಗೆ ಗಿರಿನಗರದ ಮನೆಯ ಹಾಲ್‌ನಲ್ಲಿ ಕೂತೆ. ಒಂದು ನೋಟ್‌ಬುಕ್, ಎರಡು ಪೆನ್ನು. ಪಾತ್ರ ನಮಗೆ ಸುದ್ದಿ ತಿಳಿಸೋಕೆ ಆಡಿದ ಮಾತಿಗೆ ಕೆಂಪು. ಆ ಪಾತ್ರವೇ, ಎದುರಿಗಿದ್ದವರಿಗೇ ಆಡಬೇಕಾದ ಮಾತಿಗೆ ನೀಲಿ.

ಮೊದಲ ಸೀಸನ್ ಪುಟಗಳು ಹೆಚ್ಚುಕಡಿಮೆ ನೀಲಿ. ಹಾಗಂತ ಅಲ್ಲಿ ರಾಜಕೀಯ ಕಡಿಮೆಯೇ? ಡ್ರೋನ್ ದಾಳಿ ಇದೆ, ಉಪಾಧ್ಯಕ್ಷರು ಹೇಳುವ ಸುಳ್ಳು ಇದೆ. ಆದರೆ ಅದೆಲ್ಲ ಬರುವುದು ಈಸಾ ಎಂಬ ಹುಡುಗನ ಮೂಲಕ. ಸೆರೆಯಲ್ಲಿದ್ದ ಅಮೆರಿಕದ ಸೈನಿಕ ಬ್ರೋಡಿ ಅವನಿಗೆ ಇಂಗ್ಲಿಷ್ ಕಲಿಸುತ್ತಾನೆ. ಹುಡುಗ ದಾಳಿಯಲ್ಲಿ ಸಾಯುತ್ತಾನೆ. ಬ್ರೋಡಿ ಬಾಂಬ್ ಕಟ್ಟಿಕೊಂಡು ಬರುತ್ತಾನೆ. ಕೊನೆಗೆ ಅವನನ್ನು ತಡೆಯುವುದು ಮಗಳ ಫೋನ್. ಭಾಷಣ ಇಲ್ಲ. “ಮನೆಗೆ ಬರ್ತೀಯಾ ಅಪ್ಪ” ಅನ್ನುವಷ್ಟೇ.

ಅವರೆಕಾಯಿ ಕಾಲ ಅದು. ಅಮ್ಮ ಹಿತಕಿದಬೇಳೆಗೆ ಅಂತ ನೆನೆಸಿದ ಕಾಳನ್ನು ಬೋಸಿಯಲ್ಲಿ ತಂದು ಪಕ್ಕದಲ್ಲೇ ಕೂರುತ್ತಿದ್ದರು. ಇಂಗ್ಲಿಷ್ ಅರ್ಧ ಅರ್ಥ ಆಗುತ್ತೆ, ಉಳಿದದ್ದನ್ನು ಮುಖ ನೋಡಿ ತಿಳ್ಕೊಳ್ತಾರೆ. ಆರು, ಏಳನೇ ಸೀಸನ್ ಬಂದಾಗ ಕಾಳು ಹಿಸುಕುತ್ತಾ ಪದೇ ಪದೇ ಒಂದೇ ಪ್ರಶ್ನೆ: “ಅವಳ ಮಗು ಎಲ್ಲೋ?” ಕ್ಯಾರಿಯ ಮಗಳು ಫ್ರ್ಯಾನಿ. ತೆರೆ ಮೇಲೆ ಹೊಸ ಅಧ್ಯಕ್ಷೆ ಸುಮಾರು 200 ಜನರನ್ನು ಒಳಗೆ ಹಾಕಿಸಿದ್ದಾರೆ, ನಕಲಿ ಸುದ್ದಿ, ರಷ್ಯಾದ ಕೈವಾಡ, ಎಲ್ಲ ನಡೀತಿದೆ. ಅಮ್ಮನಿಗೆ ಬೇಕಾದದ್ದು ಮಗು. ನನ್ನ ಪುಟ ಪೂರ್ತಿ ಕೆಂಪು.

ಬರೆದವರ ಕಷ್ಟವೂ ಅರ್ಥವಾಗುತ್ತದೆ ಬಿಡಿ. ಆರನೇ ಸೀಸನ್ನಿನಲ್ಲಿ ಅಧ್ಯಕ್ಷ ಚುನಾವಣೆ ಗೆದ್ದವರು ಮಹಿಳೆ. ಅದು ಪ್ರಸಾರಕ್ಕೆ ಬಂದ 2017ರ ಜನವರಿಯಲ್ಲಿ ನಿಜವಾಗಿ ಅಧಿಕಾರಕ್ಕೆ ಬಂದಿದ್ದು ಟ್ರಂಪ್. ಆಮೇಲೆ ಕಥೆ ಸುದ್ದಿಯ ಹಿಂದೆ ಏದುಸಿರು ಬಿಡುತ್ತಾ ಓಡಿತು. ಸುದ್ದಿ ಎಲ್ಲಿ ಕೈಗೆ ಸಿಗುತ್ತೆ?

ಐದನೇ ಸೀಸನ್ನಿನ ತಪ್ಪು ಬೇರೆ ಥರದ್ದು. ನಿರಾಶ್ರಿತರ ಶಿಬಿರದ ಸೆಟ್‌ಗೆ ಗೋಡೆ ಬರಹ ಬರೆಯಲು ಕಲಾವಿದರನ್ನು ಕರೆಸಿದ್ದರು. ಅವರು ಅರೇಬಿಕ್‌ನಲ್ಲಿ ‘ಹೋಮ್‌ಲ್ಯಾಂಡ್ ಜನಾಂಗದ್ವೇಷಿ’ ಅಂತಲೇ ಬರೆದಿಟ್ಟರು. ಸೆಟ್‌ನಲ್ಲಿ ಯಾರೂ ಅದನ್ನು ಓದಿ ನೋಡಲಿಲ್ಲ. 2015ರ ಅಕ್ಟೋಬರ್‌ನಲ್ಲಿ ಹಾಗೇ ಪ್ರಸಾರವಾಯಿತು. ನಗಬೇಕು ಅನ್ನಿಸಿತು, ನಗಲಿಲ್ಲ. ನಾನು ಬರೆದ ಧಾರಾವಾಹಿಯೊಂದರಲ್ಲಿ ಶಿವಾಜಿನಗರದ ಅಂಗಡಿಯ ಉರ್ದು ಬೋರ್ಡು ತಲೆಕೆಳಗಾಗಿ ನೇತಾಡಿತ್ತು. ಮೂರು ಕಂತು. ನಾವ್ಯಾರೂ ನೋಡಿರಲಿಲ್ಲ. ಯಾರ ಬಗ್ಗೆ ಕಥೆ ಹೇಳ್ತೀವೋ ಅವರ ಅಕ್ಷರವನ್ನೇ ಬರೀ ಗೋಡೆಯ ಅಲಂಕಾರ ಮಾಡಿಬಿಡ್ತೀವಲ್ಲ, ನನ್ನ ಕಣ್ಣಿಗೆ ಅದು ಭಾಷಣಕ್ಕಿಂತ ದೊಡ್ಡ ತಪ್ಪು.

ಎಂಟನೆಯದರಲ್ಲಿ ನೀಲಿ ಪೆನ್ನು ಮತ್ತೆ ಕೆಲಸಕ್ಕೆ ಬಂತು. ತಾಲಿಬಾನ್ ಜೊತೆ ಸಂಧಾನ, ಪಾಕಿಸ್ತಾನದ ಗುಪ್ತಚರೆಯಾಗಿ ನಮ್ಮ ನಿಮ್ರತ್ ಕೌರ್. ರಾಜಕೀಯ ಎಳ್ಳಷ್ಟೂ ಕಡಿಮೆಯಾಗಿಲ್ಲ. ಆದರೆ ಅದರ ಭಾರವೆಲ್ಲ ಬಂದು ಕೂತಿದ್ದು ಕ್ಯಾರಿ ಮತ್ತು ಅವಳ ಗುರು ಸಾಲ್ ನಡುವೆ. ಯುದ್ಧ ನಿಲ್ಲಿಸಬೇಕಾದರೆ ಅವಳು ಅವನಿಗೇ ದ್ರೋಹ ಮಾಡಬೇಕು. ಅಮ್ಮ ಕಾಳು ಹಿಸುಕುವುದನ್ನು ನಿಲ್ಲಿಸಿ ನೋಡಿದರು.

ಮಂಡಲ ಮುಗಿದ ಮಾರನೇ ದಿನ ನನ್ನ ಕಂತನ್ನು ತೆಗೆದು ಕೆಂಪು ಗೆರೆ ಎಳೆದೆ. ಉಳಿದದ್ದು ಎರಡು ನಮಸ್ಕಾರ ಮತ್ತು ಒಂದು ‘ಬರ್ತೀನಿ’. ಹೊಸದಾಗಿ ಬರೆದೆ. ಕಾರ್ಖಾನೆಯ ಗುಟ್ಟಿನ ಕಾಗದ ಕದ್ದು ಮಾರುವ ಗುಮಾಸ್ತನ ಕ್ವಾರ್ಟರ್ಸಿಗೆ ಅಧಿಕಾರಿ ದೂರದ ನೆಂಟನ ಹಾಗೆ ಬರುತ್ತಾನೆ. ಗುಮಾಸ್ತನ ಹೆಂಡತಿ ಕಾಫಿ ಕೊಡುತ್ತಾಳೆ. ಒಳಗೆ ಹೊಸ ಫ್ರಿಜ್ ಗುಂಯ್‌ಗುಡುತ್ತಿದೆ.

“ಯಾವಾಗ ತಗೊಂಡ್ರಿ?”

“ಹಬ್ಬಕ್ಕೆ.”

“ಯಾವ ಹಬ್ಬಕ್ಕೆ?”

ಅಷ್ಟೇ. ದೇಶ ಅನ್ನುವ ಪದವೇ ಇಲ್ಲ. ನಿರ್ಮಾಪಕರು ಒಪ್ಪಿದರು, ದುಡ್ಡಿನ ಮಾತು ಮಾತ್ರ ಮುಂದಕ್ಕೆ ಹಾಕಿದರು. ರೆಕಾರ್ಡ್ ಆದದ್ದನ್ನು ಅಮ್ಮನಿಗೆ ಕೇಳಿಸಿದೆ. ಪೂರ್ತಿ ಕೇಳಿ, “ದುಡ್ಡು ಎಲ್ಲಿಂದ ಬಂತು ಅಂತ ಅವಳಿಗೆ ಗೊತ್ತಿತ್ತಾ?” ಅಂದರು.

ನಾನು ಯೋಚಿಸಿರಲೇ ಇಲ್ಲ. ಈಗ ನಾಲ್ಕನೇ ಕಂತು ಬರೀತಿದೀನಿ, ಅದರ ತುಂಬಾ ಅವಳೇ.