ಒಂದೇ ಗಂಡಿನಿಂದ ಡಿಎನ್‌ಎಯೂ ಸ್ಲೈಡೂ: ಬಾಥಿನೆಲ್ಲಗಳೊಂದಿಗೆ ನನ್ನ ಅನುಭವ

ಬಾಥಿನೆಲ್ಲ ಎಂದರೆ ಅಂತರ್ಜಲದಲ್ಲಿ, ಮರಳಿನ ಕಣಗಳ ನಡುವೆ ಬದುಕುವ, ಸಿಗಡಿ–ಏಡಿಗಳ ಬಳಗದ (ಕಠಿಣಚರ್ಮಿ) ಪುಟ್ಟ ಜೀವಿ. ಅದರ ಗಂಡು ಸಿಗುವುದೇ ಅಪರೂಪ. ಸಿಕ್ಕ ಒಂದನ್ನು ಸೂಕ್ಷ್ಮದರ್ಶಕದ ಸ್ಲೈಡಿಗೆ ಕೊಡಬೇಕೋ ಡಿಎನ್‌ಎಗೆ ಕೊಡಬೇಕೋ ಎಂಬ ಪ್ರಶ್ನೆ ಅಂತರ್ಜಲದ ಕಠಿಣಚರ್ಮಿಗಳ ಮೇಲೆ ಕೆಲಸ ಮಾಡುವವರನ್ನೆಲ್ಲ ಕಾಡಿದೆ. ಹೆಚ್ಚಿನವು ಒಂದೆರಡು ಮಿಲಿಮೀಟರ್ ದಾಟದ, ಕಣ್ಣೂ ಬಣ್ಣವೂ ಇಲ್ಲದ ಈ ಪ್ರಾಣಿಯಲ್ಲಿ ಎರಡಕ್ಕೂ ಸಾಕಾಗುವಷ್ಟು ದೇಹವಿಲ್ಲವೆಂದೂ, ಆ ಹಟ ಹಿಡಿದರೆ ಎರಡೂ ಕೈಬಿಡುತ್ತವೆಂದೂ ಹಿರಿಯರು ನನ್ನನ್ನು ಎಚ್ಚರಿಸಿದ್ದರು. ಈಗ ಅದೇ ಕೆಲಸವನ್ನು ಸುಮಾರು ಮೂವತ್ತು ಗಂಡುಗಳ ಮೇಲೆ ಮಾಡಿ ಮುಗಿಸಿದ್ದೇನೆ. ಕೆಟ್ಟುಹೋದವು ಐದೋ ಆರೋ ಮಾತ್ರ.

ಸಂಗ್ರಹದ ವಿಧಾನಗಳು ಈ ಕ್ಷೇತ್ರದವರಿಗೆಲ್ಲ ಗೊತ್ತಿರುವವೇ: ಮರಳುದಂಡೆಯಲ್ಲಿ ಕಾರಮನ್–ಶಾಪ್ಪುಯಿ ಗುಂಡಿ (ಅಗೆದು, ಒಸರಿದ ನೀರನ್ನು ಸೋಸುವುದು), ಆಳದ ಮರಳಿಗೆ ಬೂ–ರೂಶ್ ಪಂಪು (ಮರಳಿಗೆ ಹೊಡೆದ ಕೊಳವೆಯಿಂದ ನೀರೆತ್ತುವ ಕೈಪಂಪು), ಬಾವಿಗಳಿಗೆ ತೂಕ ಕಟ್ಟಿದ ಬಲೆ. ಮೊದಲ ವರ್ಷ ಜಾಲರಿ ಬೇಗ ಕಟ್ಟಿಕೊಳ್ಳುತ್ತದೆಂದು 63 ಮೈಕ್ರಾನಿನ ಬದಲು 100 ಮೈಕ್ರಾನಿನದನ್ನು ಬಳಸಿ, ದಾರದಂತಹ ಬಾಥಿನೆಲ್ಲಗಳನ್ನೂ ಕೋಪೆಪಾಡ್ ಎಂಬ ಇನ್ನೊಂದು ಪುಟ್ಟ ಕಠಿಣಚರ್ಮಿಯ ಮರಿಗಳನ್ನೂ ನೀರಿನೊಂದಿಗೇ ಹರಿಯಬಿಟ್ಟೆ. ಮರಳು ತಿಂದು ಪಂಪಿನ ವಾಷರುಗಳು ಸವೆಯುವ ಖರ್ಚನ್ನು ಯಾವ ಯೋಜನಾ ವರದಿಯಲ್ಲೂ ಯಾರೂ ಬರೆದಿರುವುದಿಲ್ಲ. ಅದಕ್ಕೆ ಹಣವನ್ನು ಮೊದಲೇ ತೆಗೆದಿಡುವುದು ಒಳ್ಳೆಯದು.

ಅದಕ್ಕಿಂತ ದೊಡ್ಡ ನಷ್ಟವಾದದ್ದು ಫಾರ್ಮಲಿನ್‌ನಿಂದ. ಎರಡು ವರ್ಷಗಳ ಸಂಗ್ರಹ, ಅಂದರೆ ಸುಮಾರು ಇನ್ನೂರು ಪ್ರಾಣಿಗಳು, ಚಿತ್ರ ಬರೆಯುವುದಕ್ಕೆ ಬಹಳ ಚೆನ್ನಾಗಿದ್ದವು. ಅವುಗಳಿಂದ ಒಂದು ಸಾಲು ಡಿಎನ್‌ಎಯೂ ಬರಲಿಲ್ಲ. ಎಥನಾಲ್‌ಗೆ ಬದಲಾದ ಮೇಲೂ ಫಲಿತಾಂಶ ಕೆಟ್ಟದ್ದಾಗಿಯೇ ಇದ್ದುದಕ್ಕೆ ಕಾರಣ ತಿಳಿಯಲು ಒಂದು ಋತುವೇ ಹಿಡಿಯಿತು: ಒದ್ದೆ ಮರಳಿನಲ್ಲಿ ಉಳಿದ ನೀರು ಶೇ. 95ರ ಎಥನಾಲನ್ನು ಎಷ್ಟೋ ಕೆಳಗೆ ಇಳಿಸುತ್ತಿತ್ತು. ಈಗ ಅದೇ ದಿನ ರಾತ್ರಿ ಒಮ್ಮೆ, ಮರುದಿನ ಮತ್ತೊಮ್ಮೆ ಎಥನಾಲ್ ಬದಲಿಸುತ್ತೇನೆ.

ಹಣದ ವಿಷಯವನ್ನೂ ಮುಚ್ಚಿಡದೆ ಹೇಳುತ್ತೇನೆ. ಮೂರನೆಯ ವರ್ಷ ಇಡೀ ಪ್ರಾಣಿಗಳನ್ನು ಅರೆದು ತೆಗೆದ ನಲವತ್ತು ಮಾದರಿಗಳನ್ನು ಅನುಕ್ರಮಕ್ಕೆ, ಅಂದರೆ ಡಿಎನ್‌ಎಯ ಅಕ್ಷರಗಳನ್ನು ಸಾಲಾಗಿ ಓದಿಸುವುದಕ್ಕೆ, ಕಳುಹಿಸಿದೆ. ಓದಲು ಬಂದವು ಎಂಟು. ಉಳಿದವುಗಳಲ್ಲಿ ಕೆಲವು ಬ್ಯಾಕ್ಟೀರಿಯಾದವು, ಮೂರು ಮನುಷ್ಯರವು, ಬಹುಶಃ ನನ್ನವೇ. ಕೆಟ್ಟ ಮಾದರಿಗೂ ಒಳ್ಳೆಯ ಮಾದರಿಗೂ ಶುಲ್ಕ ಒಂದೇ ಆದ್ದರಿಂದ ಆ ವರ್ಷದ ಅನುದಾನ ಅಲ್ಲಿಗೇ ಮುಗಿಯಿತು, ಸೂಕ್ಷ್ಮದರ್ಶಕಕ್ಕೆ ಹೊಸ ಆಬ್ಜೆಕ್ಟಿವ್ (ಮಸೂರ) ಕೊಳ್ಳಲು ಕೂಡಿಟ್ಟಿದ್ದ ಸ್ವಂತ ಹಣವೂ ಅದರ ಹಿಂದೆಯೇ ಹೋಯಿತು. ಹಣ ಹೋದದ್ದಕ್ಕಿಂತ, ಅರೆದುಹಾಕಿದ ನಾಲ್ಕು ಗಂಡುಗಳ ಎಂಟನೆಯ ಎದೆಗಾಲನ್ನು ಇನ್ನೆಂದೂ ನೋಡಲಾಗದೆಂಬ ದುಃಖವೇ ನನಗೆ ಹೆಚ್ಚಾಗಿತ್ತು, ಏಕೆಂದರೆ ನಮ್ಮ ವರ್ಗೀಕರಣದ ಬಹುಪಾಲು ನಿಂತಿರುವುದೇ ಆ ಕಾಲಿನ ಮೇಲೆ.

ಆ ಬಳಿಕವೇ ಪ್ರಾಣಿಯನ್ನು ಅರೆಯದೆ, ಪ್ರೋಟೀನನ್ನು ಕರಗಿಸುವ ಪ್ರೋಟೀನೇಸ್ ಕೆ ಎಂಬ ಕಿಣ್ವ ಇರುವ ಬಫರ್ ದ್ರಾವಣದಲ್ಲಿ 56 ಡಿಗ್ರಿಯಲ್ಲಿ ನೆನೆಸಿ, ಒಳಗಿನ ಮಾಂಸವನ್ನು ಕರಗಿಸಿಕೊಂಡು ಚರ್ಮವನ್ನು ಉಳಿಸಿಕೊಳ್ಳುವ ದಾರಿ ಹಿಡಿದೆ. ದೊಡ್ಡ ಪ್ರಾಣಿಗಳಲ್ಲಿ ಇದು ಹಳೆಯ ಕ್ರಮವೇ. ಬಾಥಿನೆಲ್ಲದ ಚರ್ಮ ಮಾತ್ರ ಎಷ್ಟು ತೆಳುವೆಂದರೆ, ರೂಢಿಯಂತೆ ರಾತ್ರಿಯಿಡೀ ಇಟ್ಟ ಮೊದಲ ಏಳು ಪ್ರಾಣಿಗಳು ಬೆಳಿಗ್ಗೆಗೆ ಬಿಡಿಬಿಡಿ ಕಾಲುಗಳಾಗಿ ತೇಲುತ್ತಿದ್ದವು. ಅವಧಿಯನ್ನು ಗಂಟೆ ಗಂಟೆಯಾಗಿ ಕಡಿಮೆ ಮಾಡುತ್ತಾ ಬಂದೆ. ಈಗ ಬೆಳಿಗ್ಗೆ ಹಾಕಿದ್ದು ಸಂಜೆಗೆ ಮುಂಚೆಯೇ ಹೊರಬರುತ್ತದೆ. ಬಫರಿಗೆ ನಾನು ಸೇರಿಸುವ ಇನ್ನೊಂದು ವಸ್ತುವನ್ನೂ, ಚರ್ಮವು ಪ್ಲಾಸ್ಟಿಕ್ಕಿಗೆ ಅಂಟದಂತೆ ಮಾಡುವ ಉಪಾಯವನ್ನೂ ಪ್ರಬಂಧ ಅಚ್ಚಾಗುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕೊಳವೆಯನ್ನು ಬಿಟ್ಟು ಗಾಜಿನ ಗುಳಿಯಲ್ಲಿ ಕೆಲಸ ಮಾಡಿದರೆ ಅರ್ಧ ತೊಂದರೆ ತಪ್ಪುತ್ತದೆ ಎಂಬುದನ್ನಂತೂ ಹೇಳಬಲ್ಲೆ.

ಮೊದಲ ಇಡೀ ಚರ್ಮ ಹೊರಬಂದ ಸಂಜೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಪ್ಪು ಹಿನ್ನೆಲೆಯ ಮೇಲೆ ಅದು ಮೊದಲು ಕಾಣಲೇ ಇಲ್ಲ. ಬೆಳಕನ್ನು ಓರೆ ಮಾಡಿದಾಗ ಪ್ರಾಣಿಯ ಅಚ್ಚಿನಂತೆ ಮೇಲೆದ್ದಿತು, ಕೂದಲಿನಂತಹ ಶೂಕಗಳೆಲ್ಲ ನೆಟ್ಟಗಿದ್ದವು. ಕ್ಲೋರಾಜೋಲ್ ಬ್ಲ್ಯಾಕ್ ಬಣ್ಣ ತುಸು ಹಾಕಿ, ಗ್ಲಿಸರಿನ್‌ಗೆ ನಿಧಾನವಾಗಿ ಇಳಿಸಿ, ಟಂಗ್‌ಸ್ಟನ್ ಸೂಜಿಯಿಂದ ಎಂಟನೆಯ ಕಾಲನ್ನು ಬಿಡಿಸಿದೆ. ಒಂದರ ಮೇಲೊಂದು ಒತ್ತಿಕೊಂಡಿರುವ ಅದರ ಹಾಲೆಗಳ ಅಂಚುಗಳು, ಸ್ನಾಯುವಿನ ಅಡ್ಡಿಯಿಲ್ಲದೆ, ನಾನು ಅದುವರೆಗೆ ಮಾಡಿದ್ದ ಯಾವ ಸ್ಲೈಡಿನಲ್ಲೂ ಕಾಣದಷ್ಟು ಸ್ಪಷ್ಟವಾಗಿದ್ದವು. ಡಿಎನ್‌ಎ ತೆಗೆದರೆ ಸ್ಲೈಡು ಕೆಡುತ್ತದೆ ಎಂದಿದ್ದರು. ನನ್ನ ಕೈಯಲ್ಲಿ ಸ್ಲೈಡು ಸುಧಾರಿಸಿತು.

ಪ್ರಭೇದಗಳನ್ನು ಗುರುತಿಸಲು ಓದುವ ಸಿಒಐ ಎಂಬ ಜೀನಿಗೆ 1994ರ ಫೋಲ್ಮರ್ ಪ್ರೈಮರುಗಳು (ಜೀನಿನ ತುಣುಕನ್ನು ಹಿಡಿದು ಪ್ರತಿಮಾಡಲು ಬಳಸುವ ಚಿಕ್ಕ ಡಿಎನ್‌ಎ ತುಂಡುಗಳು) ಮೂರರಲ್ಲಿ ಒಂದಕ್ಕಷ್ಟೇ ಕೆಲಸ ಮಾಡಿದವು. 658 ಅಕ್ಷರಗಳ ಆ ತುಣುಕನ್ನು ಒಂದರ ಮೇಲೊಂದು ಹಾಯುವ ಎರಡು ಚಿಕ್ಕ ತುಣುಕುಗಳಾಗಿ ಪ್ರತಿಮಾಡಿದ ಮೇಲೆ ಯಶಸ್ಸು ಮುಕ್ಕಾಲು ಭಾಗಕ್ಕೆ ಏರಿತು.

ಈ ನಡುವೆ ಕೆಲವು ಬೇರೆ ಪ್ರಯೋಗಗಳನ್ನೂ ಮಾಡಿದೆ. ಮರಳಿಗೆ ಸೋಡಾ ನೀರು ಸುರಿದರೆ ಪ್ರಾಣಿಗಳು ಜೋಮು ಹಿಡಿದು ಕಣಗಳಿಂದ ಸಡಿಲವಾಗುತ್ತವೆ, ತೊಳೆದಾಗ ಹೆಚ್ಚು ಸಿಗುತ್ತವೆ. ಕೋಪೆಪಾಡ್‌ಗಳಲ್ಲಿ ಇದರ ಲಾಭ ಎದ್ದುಕಂಡಿತು, ಬಾಥಿನೆಲ್ಲಗಳಲ್ಲಿ ಅಷ್ಟಿಲ್ಲ. ಕತ್ತಲಲ್ಲಿ, ತಂಪಿನಲ್ಲಿ, ಅದೇ ಜಾಗದ ಮರಳಿನೊಂದಿಗೆ ಇಟ್ಟ ಒಂದು ಹೆಣ್ಣು ಸುಮಾರು ಐದು ತಿಂಗಳು ಬದುಕಿತು, ಮೊಟ್ಟೆ ಇಡಲಿಲ್ಲ.

ಇಷ್ಟೆಲ್ಲ ಮಾಡಿದ್ದರ ಫಲ ದೊರೆತದ್ದು ಒಂದೇ ನದಿಯ ಎರಡು ಮರಳುದಂಡೆಗಳಲ್ಲಿ. ಎರಡೂ ಕಡೆಯ ಪ್ಯಾರಾಬಾಥಿನೆಲ್ಲಿಡೇ ಕುಟುಂಬದ ಬಾಥಿನೆಲ್ಲಗಳನ್ನು ನಾನೇ ಒಂದೇ ಪ್ರಭೇದವೆಂದು ಲೇಬಲ್ ಬರೆದಿದ್ದೆ. ಅವುಗಳ ಸಿಒಐ ಅಂತರ, ಕಠಿಣಚರ್ಮಿಗಳಿಗೆ ಬೇರೆ ಪ್ರಭೇದವೆನ್ನಲು 2006ರಲ್ಲಿ ಸೂಚಿತವಾದ, ಅಕ್ಷರಕ್ಕೆ 0.16 ಬದಲಾವಣೆಯ ಗಡಿಯನ್ನು ಸಾಕಷ್ಟು ದಾಟಿತ್ತು. ಅಂತರವೊಂದನ್ನೇ ನಂಬಿ ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ. ಹಾಗಾಗಿ ಅನುಕ್ರಮ ಕೊಟ್ಟ ಅದೇ ಚರ್ಮಗಳನ್ನು ಮತ್ತೆ ನೋಡಿದೆ. ಬಾಲದ ಬಳಿಯ ಯೂರೊಪಾಡ್ ಎಂಬ ಉಪಾಂಗದ ಮುಳ್ಳುಗಳು ಒಂದು ಕಡೆ ಆರು, ಇನ್ನೊಂದು ಕಡೆ ಎಂಟೋ ಒಂಬತ್ತೋ ಇದ್ದವು. ಮೊದಲು ಅದನ್ನು ವಯಸ್ಸಿನ ವ್ಯತ್ಯಾಸವೆಂದು ತಳ್ಳಿಹಾಕಿದ್ದೆ. ಎಲ್ಲವೂ ಬೆಳೆದ ಗಂಡುಗಳೇ ಎಂದು ಎಂಟನೆಯ ಕಾಲು ಸಾಬೀತುಪಡಿಸಿದಾಗ ಆ ನೆಪ ಉಳಿಯಲಿಲ್ಲ. ಅನುಕ್ರಮವೂ ಕಾಲೂ ಮುಳ್ಳೂ ಒಂದೇ ದೇಹದವಾಗಿರದಿದ್ದರೆ ಈ ವಾದ ನಿಲ್ಲುತ್ತಲೇ ಇರಲಿಲ್ಲ.

ಹಸ್ತಪ್ರತಿ ಓದಿದ ವಿಮರ್ಶಕರೊಬ್ಬರು, ಖಾಲಿ ಚರ್ಮವನ್ನು ಹೊಲೋಟೈಪ್, ಅಂದರೆ ಹೊಸ ಪ್ರಭೇದದ ಹೆಸರಿಗೆ ಆಧಾರವಾಗುವ ಮಾದರಿ, ಮಾಡಲಾಗದು ಎಂದು ಬರೆದರು. ಪ್ರಾಣಿಯ ಯಾವ ಭಾಗವಾದರೂ ಹೆಸರು ಹೊರುವ ಮಾದರಿಯಾಗಬಹುದೆಂದು ಪ್ರಾಣಿನಾಮಕರಣ ಸಂಹಿತೆಯ 72.5ನೆಯ ವಿಧಿಯೇ ಹೇಳುತ್ತದೆ. ಅದನ್ನು ತೋರಿಸಿ, ಡಿಎನ್‌ಎ ಕೊಳವೆಗೂ ಸ್ಲೈಡಿಗೂ ಒಂದೇ ಸಂಖ್ಯೆ ಕೊಟ್ಟು ಸಂಗ್ರಹಾಲಯಕ್ಕೆ ಒಪ್ಪಿಸಿದೆ. ಆಕ್ಷೇಪ ಹಿಂದಕ್ಕೆ ಹೋಯಿತು.

ಮೂರನೆಯ ಮರಳುದಂಡೆಯಿಂದ ಈಗ ಹನ್ನೊಂದು ಹೆಣ್ಣುಗಳಿವೆ, ಅವುಗಳ ಸಿಒಐ ಈ ಎರಡಕ್ಕೂ ಹೊಂದುವುದಿಲ್ಲ. ಗಂಡು ಇನ್ನೂ ಸಿಕ್ಕಿಲ್ಲ. ನೀರು ಇಳಿದ ಕೂಡಲೇ ಅಲ್ಲಿ ಮತ್ತೆ ಪಂಪು ಇಳಿಸುತ್ತೇನೆ.